ಇಂಗ್ಲಿಷಿನ ಕರ್ತವ್ಯಸೂಚಕ ಸಹಾಯಕ ಕ್ರಿಯಾಪದಗಳು ಮತ್ತು ಕನ್ನಡದ ‘ಬೇಕು’

ಮಾಡಲೇಬೇಕಾದದ್ದು, ಮಾಡಿದರೆ ಒಳ್ಳೆಯದು ಅನ್ನುವಂಥದ್ದು, ಮಾಡಬಾರದ್ದು, ಮಾಡದಿದ್ದರೂ ನಡೆಯುತ್ತದೆ ಅನ್ನುವಂಥದ್ದು: ಇವನ್ನೆಲ್ಲ ಹೇಳಲು ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದದ ಮುಂದೆ ನಿಲ್ಲುವ ಸಣ್ಣ ಪದಗಳ ಒಂದು ಗುಂಪಿದೆ. ಮಸ್ಟ್, ಷಲ್, ಶುಡ್, ಆಟ್ ಟು, ನೀಡ್ ಎಂಬವು ಇದರ ಹಳೆಯ ಸದಸ್ಯರು. ಹ್ಯಾವ್ ಟು, ನೀಡ್ ಟು, ಬಿ ಸಪೋಸ್ಡ್ ಟು, ಹ್ಯಾಡ್ ಬೆಟರ್ ಎಂಬವು ಆಮೇಲೆ ಬಂದು ಸೇರಿಕೊಂಡವು. ಕನ್ನಡದಲ್ಲಿ ಇವುಗಳ ಕೆಲಸವನ್ನು ಬಹುಪಾಲು ‘ಬೇಕು’ ಒಂದೇ ಹೊತ್ತುಕೊಂಡಿರುವಂತೆ ಕಾಣುತ್ತದೆ. ಆ ನೋಟ ಪೂರ್ತಿ ನಿಜವಲ್ಲ. ಇಂಗ್ಲಿಷ್ ಬೇರೆ ಬೇರೆ ಪದಗಳಿಗೆ ಹಂಚಿದ ವ್ಯತ್ಯಾಸಗಳನ್ನು ಕನ್ನಡ ‘ಬೇಕು’ವಿನ ಬಾಲಕ್ಕೆ ಅಂಟಿಸಿದೆ. ಶಾಲೆಯ ಇಂಗ್ಲಿಷ್ ಪಾಠ ಪದಕ್ಕೆ ಪದ ಹೊಂದಿಸಲು ಹೋಗಿ ಆ ಬಾಲವನ್ನು ಮರೆತದ್ದರಿಂದ ಕನ್ನಡಿಗರ ಇಂಗ್ಲಿಷಿನಲ್ಲಿ ಒಂದಷ್ಟು ತೊಡಕುಗಳು ಉಳಿದುಕೊಂಡಿವೆ.

ಈ ವಿಷಯವನ್ನು ನೋಡಲು ಹಳೆಯ ಬೆಂಗಳೂರಿನ ಶಂಕರಪುರಂ ಒಳ್ಳೆಯ ಜಾಗ. ಬಸವನಗುಡಿಗೂ ಚಾಮರಾಜಪೇಟೆಗೂ ನಡುವೆ ಇರುವ ಈ ಬಡಾವಣೆಯಲ್ಲಿ ಶೃಂಗೇರಿ ಶಂಕರ ಮಠವಿದೆ. ಪಂಪ ಮಹಾಕವಿ ರಸ್ತೆ ಹಿಡಿದು ಚಾಮರಾಜಪೇಟೆಯ ಕಡೆಗೆ ನಡೆದರೆ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತೂ ಚಾಮರಾಜೇಂದ್ರ ಸಂಸ್ಕೃತ ಕಾಲೇಜೂ ಸಿಗುತ್ತವೆ. ಇನ್ನೊಂದು ದಿಕ್ಕಿನಲ್ಲಿ ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು 1946ರಿಂದ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದೆ. ವೇದದ ವಿಧಿ, ಕನ್ನಡದ ಬೇಕು, ಎಂಜಿನಿಯರಿಂಗ್ ಸಂಹಿತೆಗಳ ಷಲ್ ಮೂರೂ ನಡೆದು ಹೋಗುವಷ್ಟು ದೂರದಲ್ಲಿವೆ.

ಇಂಗ್ಲಿಷ್ ಪದಗಳ ಹಿನ್ನೆಲೆ

ಇವುಗಳಲ್ಲಿ ಹೆಚ್ಚಿನವು ಸಾಲದ ಲೆಕ್ಕದಿಂದ ಬಂದವು. ಷಲ್ ಪದದ ಹಳೆಯ ಅರ್ಥ ‘ಸಾಲ ತೀರಿಸಬೇಕಾಗಿರು’. ಆಟ್ ಎನ್ನುವುದು ‘ಒಡೆತನವಿರು’ ಎಂಬ ಕ್ರಿಯಾಪದದ ಭೂತರೂಪ, ಅದೂ ಮುಂದೆ ‘ಕೊಡಬೇಕಾಗಿರು’ ಎಂಬಲ್ಲಿಗೆ ಹೊರಳಿತು. ಮಸ್ಟ್‌ನದು ಬೇರೆ ದಾರಿ. ‘ಅನುಮತಿಯಿರು’ ಎಂಬರ್ಥದ ಕ್ರಿಯಾಪದದ ಭೂತರೂಪವಾಗಿದ್ದು ಅದು ಮಾಡಲೇಬೇಕೆಂಬ ಕಟ್ಟಪ್ಪಣೆಯಾಗಿ ಗಟ್ಟಿಯಾಯಿತು. ಭೂತರೂಪವೇ ವರ್ತಮಾನಕ್ಕೆ ಬಂದು ಕೂತ ಪದಗಳಾದ್ದರಿಂದ ಪ್ರಥಮಪುರುಷದಲ್ಲಿ ಇವಕ್ಕೆ ‘ಎಸ್’ ಹತ್ತುವುದಿಲ್ಲ. ಮಸ್ಟ್‌ಗೆ ಬೇರೆ ಭೂತಕಾಲವೂ ಇಲ್ಲ.

ಷಲ್, ವಿಲ್‌ಗಳ ನಡುವಣ ನಿಯಮ ಮಾತ್ರ ತಲೆಮಾರುಗಳ ತಲೆ ತಿಂದಿದೆ. 1653ರಲ್ಲಿ ಜಾನ್ ವಾಲಿಸ್ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣ ಅದನ್ನು ಹೀಗೆ ಕಟ್ಟಿತು: ‘ನಾನು, ನಾವು’ ಬಂದಾಗ ಷಲ್ ಬರೀ ಭವಿಷ್ಯವನ್ನು ಹೇಳುತ್ತದೆ, ‘ನೀನು, ಅವನು’ ಬಂದಾಗ ಅದೇ ಷಲ್ ಬೆದರಿಕೆಯೋ ವಚನವೋ ಆಗುತ್ತದೆ. ನೀರಿಗೆ ಬಿದ್ದವನೊಬ್ಬ ಇವೆರಡನ್ನೂ ಅದಲುಬದಲು ಮಾಡಿ ಕೂಗಿಕೊಂಡದ್ದರಿಂದ, ‘ನಾನು ಮುಳುಗಿಯೇ ಸಾಯುತ್ತೇನೆ, ಯಾರೂ ನನ್ನನ್ನು ಎತ್ತಕೂಡದು’ ಎಂದು ಕೇಳಿಸಿ ದಡದಲ್ಲಿದ್ದವರು ಸುಮ್ಮನೆ ನಿಂತರು ಎಂಬ ತಮಾಷೆಯ ಕಥೆ ಹತ್ತೊಂಬತ್ತನೆಯ ಶತಮಾನದಲ್ಲೇ ಓಡಾಡುತ್ತಿತ್ತು. ನಮ್ಮ ಶಾಲೆಗಳಿಗೆ ಈ ನಿಯಮ ಬಂದದ್ದು ರೆನ್ ಮತ್ತು ಮಾರ್ಟಿನ್‌ರ ವ್ಯಾಕರಣದ ಮೂಲಕ. ಇಂಗ್ಲೆಂಡಿನವರೇ ಅದನ್ನು ಬಿಟ್ಟ ಎಷ್ಟೋ ಕಾಲದ ಮೇಲೂ ಬಸವನಗುಡಿಯ ಹುಡುಗರು ಅದನ್ನು ಉರು ಹೊಡೆಯುತ್ತಿದ್ದರು.

‘ಬೇಕು’ವಿನ ಸ್ವರೂಪ

ಹಳಗನ್ನಡದ ‘ಬೇೞ್ಕುಂ’ ಸವೆದು ‘ಬೇಕು’ ಆಗಿದೆ. ಬಯಸು, ಬೇಡು ಎಂಬರ್ಥದ ಧಾತುವಿಗೆ, ‘ಅಕ್ಕುಂ’ ಎಂಬಲ್ಲಿ ಕಾಣುವ ‘ಕುಂ’ ಪ್ರತ್ಯಯ ಹತ್ತಿ ಆದ ರೂಪ ಅದು. ಹಾಗಾಗಿ ಆಸೆಯೂ ಕರ್ತವ್ಯವೂ ಅದರಲ್ಲಿ ಒಂದೇ ಬೇರಿನಿಂದ ಬಂದಿವೆ. ‘ನನಗೆ ಕಾಫಿ ಬೇಕು’ ಎಂದರೆ ಆಸೆ, ‘ನಾನು ಬ್ಯಾಂಕಿಗೆ ಹೋಗಬೇಕು’ ಎಂದರೆ ಕೆಲಸ. ಎರಡನ್ನೂ ಬೇರೆ ಮಾಡುವುದು ‘ನನಗೆ’, ‘ನಾನು’ ಎಂಬ ವಿಭಕ್ತಿ. ತಮಿಳಿನ ‘ವೇಂಡುಂ’ಗೂ ಇದೇ ಎರಡು ಮುಖಗಳಿವೆ, ಆಡುಮಾತಿನಲ್ಲಿ ಅದು ‘ಪೋಗಣುಂ’ ಎಂಬಲ್ಲಿಯಂತೆ ಕ್ರಿಯಾಪದಕ್ಕೆ ಕರಗಿ ಹೋಗಿದೆ. ತೆಲುಗಿನ ‘ಕಾವಾಲಿ’, ‘ವೆಳ್ಳಾಲಿ’ಗಳ ಸಂಬಂಧವೂ ಇಂಥದ್ದೇ. ಕನ್ನಡ, ತಮಿಳು, ತೆಲುಗು ಮೂರೂ ಮನೆಮಾತಾಗಿರುವ ಚಾಮರಾಜಪೇಟೆಯ ಬೀದಿಗಳಲ್ಲಿ ಮಕ್ಕಳು ಮೂರು ಭಾಷೆಯಲ್ಲೂ ಆಸೆಯನ್ನೂ ಅಗತ್ಯವನ್ನೂ ಒಂದೇ ಮೂಲದ ರೂಪಗಳಿಂದ ಹೇಳಿ ಬೆಳೆಯುತ್ತಾರೆ. ಶಾಲೆಗೆ ಹೋದ ಮೇಲೆ ‘ವಾಂಟ್’ ಬೇರೆ, ‘ಮಸ್ಟ್’ ಬೇರೆ ಎಂದು ಕಲಿಯುತ್ತಾರೆ.

ಶಾಲಾ ವ್ಯಾಕರಣ ‘ಬೇಕು’ವನ್ನು ಉಂಟು, ಬೇಡ, ಅಲ್ಲ, ಹೌದು, ಸಾಕುಗಳ ಜೊತೆ ಕ್ರಿಯಾರ್ಥಕಾವ್ಯಯ ಎಂಬ ಮೂಲೆಗೆ ಹಾಕಿ ಮುಂದೆ ಹೋಗುತ್ತದೆ. ವಿಧಿಯ ಮಾತು ಬಂದಾಗ ಅದು ಹೇಳುವುದು ‘ಮಾಡು, ಮಾಡಲಿ’ ಎಂಬ ವಿಧ್ಯರ್ಥ ರೂಪಗಳನ್ನು ಮಾತ್ರ. ದಿನಕ್ಕೆ ನೂರು ಸಲ ಬಳಸುವ ಪದಕ್ಕೆ ಇದು ತೀರಾ ಕಡಿಮೆ ಜಾಗ. ಕನ್ನಡ ಕಲಿಯಲು ಬಂದ ಪಾದ್ರಿಗಳು ಬರೆದ ವ್ಯಾಕರಣಗಳು ಇದಕ್ಕೆ ಹೆಚ್ಚು ಮನಸ್ಸು ಕೊಟ್ಟವು. 1859ರ ಥಾಮಸ್ ಹಾಡ್ಸನ್, 1903ರ ಕಿಟೆಲ್, 1914ರ ಹೆರಾಲ್ಡ್ ಸ್ಪೆನ್ಸರ್ ಎಲ್ಲರೂ ಇಂಗ್ಲಿಷಿನಲ್ಲಿ ಬರೆದವರು. ಮಸ್ಟ್‌ಗೆ, ಶುಡ್‌ಗೆ ಕನ್ನಡದಲ್ಲಿ ಏನು ಹೇಳುವುದು ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದೇ ಅವರು ಈ ಭಾಷೆಯೊಳಕ್ಕೆ ಕಾಲಿಟ್ಟರು. ಇಂಗ್ಲಿಷ್ ಕಲಿಯಲು ಹೊರಟ ಕನ್ನಡಿಗನಿಗೆ ಎದುರಾಗುವುದು ಅದೇ ಪ್ರಶ್ನೆ, ತಿರುವುಮುರುವಾಗಿ.

ಒಂದು ಸಂಗತಿ ಕಲಿಯುವವರ ಪರವಾಗಿದೆ. ನಾನು, ನೀನು, ಅವಳು, ಅವರು ಯಾರೇ ಬಂದರೂ ‘ಹೋಗಬೇಕು’ ಬದಲಾಗುವುದಿಲ್ಲ. ಮಸ್ಟ್ ಕೂಡ ಹಾಗೇ. ಮಿಕ್ಕ ಹೆಚ್ಚಿನ ಕ್ರಿಯಾಪದಗಳಿಗೆ ಪುರುಷ, ಲಿಂಗ, ವಚನ ಹಚ್ಚಿ ಅಭ್ಯಾಸವಾದ ನಾಲಗೆಗೆ ಇಲ್ಲಿ ಮಾತ್ರ ಎರಡು ಭಾಷೆಯಲ್ಲೂ ಬಿಡುವು ಸಿಗುತ್ತದೆ. ಊಹೆಯ ವಿಷಯದಲ್ಲೂ ಎರಡೂ ಒಂದೇ ಜಾಡಿನಲ್ಲಿವೆ. ‘ಅವನು ಇಷ್ಟು ಹೊತ್ತಿಗೆ ಊರು ತಲುಪಿರಬೇಕು’ ಎನ್ನುವಲ್ಲಿ ಕರ್ತವ್ಯ ಏನೂ ಇಲ್ಲ, ಬರೀ ಅಂದಾಜು. ಇಂಗ್ಲಿಷ್ ಅಲ್ಲಿ ಮಸ್ಟ್ ಹ್ಯಾವ್ ಅನ್ನುತ್ತದೆ. ‘ಅವನು ಮನೆಯಲ್ಲಿರಬೇಕು’ ಅಂದಾಗ ಅದು ಅಪ್ಪಣೆಯೋ ಊಹೆಯೋ ಎಂಬ ಅನುಮಾನವೂ ಎರಡು ಭಾಷೆಗಳಿಗೂ ಸಮಾನ.

ಬಾಲದಲ್ಲಿರುವ ವ್ಯತ್ಯಾಸ

ಮಸ್ಟ್‌ಗೂ ಹ್ಯಾವ್ ಟುಗೂ ಇರುವ ಅಂತರವನ್ನು ಇಂಗ್ಲಿಷ್ ವ್ಯಾಕರಣಕಾರರು ಹೀಗೆ ವಿವರಿಸುತ್ತಾರೆ: ಮಸ್ಟ್‌ನಲ್ಲಿ ಒತ್ತಾಯ ಮಾತಾಡುವವರ ಕಡೆಯಿಂದ ಬರುತ್ತದೆ, ಹ್ಯಾವ್ ಟುನಲ್ಲಿ ಹೊರಗಿನ ಸಂದರ್ಭದಿಂದ. ಇದನ್ನು ತರಗತಿಯಲ್ಲಿ ವಿವರಿಸಲು ಮೇಷ್ಟರು ಬಹಳ ಕಷ್ಟಪಡುತ್ತಾರೆ, ಆದರೆ ಕೂತಿರುವ ಮಕ್ಕಳ ಬಾಯಲ್ಲೇ ಆ ವ್ಯತ್ಯಾಸ ಇದೆ. ‘ನಾಳೆ ನಾನು ಬೇಗ ಏಳಬೇಕು’ ಎಂದರೆ ತಾನೇ ಮಾಡಿಕೊಂಡ ತೀರ್ಮಾನ. ‘ನಾಳೆ ಬೇಗ ಏಳ್ಬೇಕಾಗುತ್ತೆ’ ಎಂದರೆ ನೀರು ಬರುವ ಹೊತ್ತೋ ರೈಲಿನ ವೇಳೆಯೋ ಎಬ್ಬಿಸುತ್ತದೆ. ‘ಆಗು’ ಬಂದು ಸೇರಿದೊಡನೆ ಹೊಣೆ ಮಾತಾಡುವವರ ಕೈ ಬಿಟ್ಟು ಸಂದರ್ಭದ ಹೆಗಲಿಗೆ ಹೋಗುತ್ತದೆ. ಇನ್ನು ‘ಏಳಲೇಬೇಕು’ ಎಂಬಲ್ಲಿನ ‘ಏ’ ಮಸ್ಟ್ ಪದವನ್ನು ಒತ್ತಿ ಹೇಳಿದಾಗ ಬರುವ ಬಿಗಿಯನ್ನು ಕೊಡುತ್ತದೆ. ಬೆಂಗಳೂರಿಗರಿಗೆ ಇಷ್ಟೂ ಸಾಲದೆ ‘ಕಂಪಲ್ಸರಿ ಬರಲೇಬೇಕು’ ಎನ್ನುವುದುಂಟು. ಅದನ್ನೇ ಇಂಗ್ಲಿಷಿಗೆ ಎತ್ತಿ ‘ಕಂಪಲ್ಸರಿಲಿ ಯು ಶುಡ್ ಕಮ್’ ಅನ್ನುತ್ತಾರೆ.

ಭೂತಕಾಲದಲ್ಲಿ ಕನ್ನಡ ಇನ್ನೂ ಚೊಕ್ಕ. ‘ಹೋಗಬೇಕಾಯ್ತು’ ಎಂದವರು ಹೋಗಿ ಬಂದಿದ್ದಾರೆ, ಮನಸ್ಸಿಲ್ಲದೆ ಇರಬಹುದು. ‘ಹೋಗಬೇಕಿತ್ತು’ ಎಂದವರು ಹೆಚ್ಚಿನ ಪಾಲು ಹೋಗಿಲ್ಲ, ಅದಕ್ಕೊಂದು ಪಶ್ಚಾತ್ತಾಪವೋ ಆಕ್ಷೇಪಣೆಯೋ ಹತ್ತಿಕೊಂಡಿದೆ. ಇಂಗ್ಲಿಷಿನಲ್ಲಿ ಮೊದಲನೆಯದು ಹ್ಯಾಡ್ ಟು, ಎರಡನೆಯದು ಶುಡ್ ಹ್ಯಾವ್. ಎರಡು ಅಕ್ಷರದ ಅಂತರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವನ್ನು ತಪ್ಪದೆ ಹಿಡಿಯುವ ಹುಡುಗ, ‘ಐ ಮಸ್ಟ್ ವೆಂಟ್’ ಎಂದು ಬರೆದು ಕೆಂಪು ಶಾಯಿ ತಿನ್ನುತ್ತಾನೆ. ಮಸ್ಟ್‌ಗೆ ಬೇಕು ಎಂದಷ್ಟೇ ಅರ್ಥ ಬರೆಸಿದ್ದರೆ ಆಗುವುದೇ ಹೀಗೆ. ‘ಬೇಕಾಯ್ತು’ವಿಗೆ ಒಂದು ರೂಪ, ‘ಬೇಕಿತ್ತು’ವಿಗೆ ಒಂದು ರೂಪ ಎಂದು ಬರೆಸಿದ್ದರೆ ತಪ್ಪಿಗೆ ಜಾಗವೇ ಇರಲಿಲ್ಲ.

ನಿಜವಾದ ಅಪಾಯ ಇರುವುದು ನಿಷೇಧದಲ್ಲಿ. ಇಂಗ್ಲಿಷಿನಲ್ಲಿ ಮಸ್ಟ್ ನಾಟ್ ಎಂದರೆ ಮಾಡಕೂಡದು, ನೀಡ್ ನಾಟ್ ಎಂದರೆ ಮಾಡದಿದ್ದರೂ ಆದೀತು. ಕನ್ನಡದಲ್ಲಿ ‘ಬೇಕು’ವಿಗೆ ‘ಇಲ್ಲ’ ಸೇರಿಸಿ ‘ತರಬೇಕಾಗಿಲ್ಲ’ ಅಂದರೆ ಎರಡನೆಯ ಅರ್ಥ ಬರುತ್ತದೆ. ತರ್ಕ ಸರಿಯಾಗಿಯೇ ಇದೆ, ಅಗತ್ಯವನ್ನು ಅಲ್ಲಗಳೆದಿದ್ದೇವೆ. ಅದೇ ತರ್ಕದಲ್ಲಿ ಮಸ್ಟ್‌ಗೆ ನಾಟ್ ಸೇರಿಸಿದವರು ಕೆಟ್ಟರು. ಶನಿವಾರ ಅರ್ಧ ದಿನ, ಊಟದ ಡಬ್ಬಿ ತರಬೇಕಾಗಿಲ್ಲ ಎಂದು ಹೇಳಲು ಹೊರಟ ಸುತ್ತೋಲೆಯೊಂದು ಇಂಗ್ಲಿಷಿನಲ್ಲಿ ಮಸ್ಟ್ ನಾಟ್ ಬ್ರಿಂಗ್ ಎಂದು ಬರೆದರೆ, ಡಬ್ಬಿ ತಂದ ಮಗು ತಪ್ಪು ಮಾಡಿದಂತಾಗುತ್ತದೆ. ಇಂಗ್ಲಿಷಿನ ಮಸ್ಟ್ ನಾಟ್‌ನಲ್ಲಿ ನಾಟ್ ಸೇರುವುದು ಮುಂದಿನ ಕ್ರಿಯೆಗೆ: ತರದೇ ಇರುವುದು ಕಡ್ಡಾಯ.

ಕನ್ನಡದ ನಿಷೇಧಕ್ಕೆ ಬೇರೆಯೇ ಸಂಸಾರವಿದೆ. ‘ಬಾರದು’ ಎಂಬುದು ‘ಬರು’ ಧಾತುವಿನ ನಿಷೇಧ, ‘ಬಹುದು’ವಿನ ಎದುರು ಜೋಡಿ. ‘ಕೂಡದು’ ಎಂಬುದು ‘ಕೂಡು’ವಿನ ನಿಷೇಧ, ಒಂದು ಕೈ ಹೆಚ್ಚು ಬಿಗಿ. ‘ಬೇಡ’ ಎದುರಿಗಿರುವವರಿಗೆ ಹೇಳುವಂಥದ್ದು, ಮರ್ಯಾದೆ ಬೇಕಾದಲ್ಲಿ ‘ಬೇಡಿ’. ಇವುಗಳ ಜೊತೆಗೆ ‘ಒಳಗೆ ಹೋಗೋ ಹಾಗಿಲ್ಲ’ ಎಂಬ ಆಡುಮಾತಿನ ಪ್ರಯೋಗವಿದೆ. ಅದರಲ್ಲಿ ತಡೆಯುವವರು ತಾವಲ್ಲ, ನಿಯಮ ಹಾಗಿದೆ ಎಂಬ ಜಾರಿಕೆಯಿದೆ. ಬೆಂಗಳೂರಿನ ಕಾವಲುಗಾರರಿಗೆ ಇದು ಬಹಳ ಪ್ರಿಯ. ಫಲಕಗಳಲ್ಲಿ ‘ವಾಹನ ನಿಲ್ಲಿಸಬಾರದು’ ಎಂದಿರುತ್ತದೆ, ‘ನಿಲ್ಲಿಸಬೇಡಿ’ ಎಂದು ಬರೆದರೆ ಅದು ಕೋರಿಕೆಯಾಗಿ ಮೆತ್ತಗಾಗುತ್ತದೆ.

ಆಧುನಿಕ ತರ್ಕಶಾಸ್ತ್ರದಲ್ಲಿ ಈ ಸಂಬಂಧಗಳಿಗೆ ಸೂತ್ರ ಹಾಕಿದವರು ಫಿನ್ಲೆಂಡಿನ ಗೇಆರ್ಗ್ ಹೆನ್ರಿಕ್ ಫಾನ್ ರಿಕ್ಟ್. 1951ರ ಅವರ ಪ್ರಬಂಧದಂತೆ ಕಡ್ಡಾಯ, ಅನುಮತಿ, ನಿಷೇಧ ಮೂರರಲ್ಲಿ ಒಂದನ್ನು ಇಟ್ಟುಕೊಂಡರೆ ಉಳಿದೆರಡನ್ನೂ ಹೇಳಬಹುದು. ‘ಹೋಗದೆ ಇರಬಾರದು’ ಎಂದರೆ ‘ಹೋಗಬೇಕು’ ಎಂದು ನಮಗೆ ಗೊತ್ತಿರುವುದೂ ಇದನ್ನೇ.

ವಿಧಿಯ ಪರಂಪರೆ

ಶಂಕರಪುರಂನ ವೈದಿಕ ಮನೆಗಳಿಗೆ ಕರ್ತವ್ಯದ ವ್ಯಾಕರಣ ಇಂಗ್ಲಿಷ್ ಬರುವುದಕ್ಕೆ ಬಹಳ ಮುಂಚಿನಿಂದಲೇ ಪರಿಚಿತ. ಕರ್ತವ್ಯ ಎಂಬ ಪದವೇ ‘ಕೃ’ ಧಾತುವಿಗೆ ‘ತವ್ಯ’ ಹತ್ತಿ ಆದದ್ದು, ಮಾಡಬೇಕಾದದ್ದು ಎಂದು ಅರ್ಥ. ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯ ಲಿಙ್ ಎಂಬ ಕ್ರಿಯಾರೂಪಕ್ಕೆ ಆರು ಅರ್ಥಗಳನ್ನು ಹೇಳುತ್ತದೆ. ವಿಧಿ ಎಂದರೆ ಕೆಳಗಿನವರಿಗೆ ಕೊಡುವ ಅಪ್ಪಣೆ. ನಿಮಂತ್ರಣ ಎಂದರೆ ತಪ್ಪಿಸಿಕೊಳ್ಳಲಾಗದ ಕರೆ. ವ್ಯಾಖ್ಯಾನಕಾರರು ಕೊಡುವ ಉದಾಹರಣೆ ಶ್ರಾದ್ಧದ ಊಟಕ್ಕೆ ಮಗಳ ಮಗನನ್ನು ಕರೆಯುವುದು. ಆಮಂತ್ರಣಕ್ಕೆ ಬರುವುದೂ ಬಿಡುವುದೂ ಕರೆಸಿಕೊಂಡವರ ಇಷ್ಟ. ಅಧೀಷ್ಟ ಎಂದರೆ ಗೌರವದಿಂದ ಒಪ್ಪಿಸುವ ಕೆಲಸ, ಹುಡುಗನಿಗೆ ಪಾಠ ಹೇಳಿಕೊಡಿ ಎಂದು ಗುರುಗಳನ್ನು ಕೇಳಿಕೊಂಡಂತೆ. ಸಂಪ್ರಶ್ನದಲ್ಲಿ ‘ಇದನ್ನು ಓದಲೋ ಅದನ್ನು ಓದಲೋ’ ಎಂಬ ವಿಚಾರಣೆ. ಕೊನೆಯದು ಪ್ರಾರ್ಥನೆ. ಕ್ರಿಯಾರೂಪ ಒಂದೇ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದರ ಮೇಲೆ ಅರ್ಥ ಆರಾಗುತ್ತದೆ. ಇಂಗ್ಲಿಷಿನ ಮಸ್ಟ್, ಶುಡ್, ಷಲ್‌ಗಳನ್ನು ಪಾಠ ಮಾಡುವವರು ಈ ಆರನ್ನು ಒಮ್ಮೆ ನೋಡಿಕೊಂಡು ಹೋದರೆ ಕೆಲಸ ಹಗುರಾದೀತು. ಇಂದು ಅಚ್ಚಾಗುವ ಲಗ್ನಪತ್ರಿಕೆಗಳು ಇಷ್ಟವಿದ್ದರೆ ಬರಬಹುದಾದ ಕರೆಗೂ ತಪ್ಪಿಸಲಾಗದ ಕರೆಗೂ ‘ಆಮಂತ್ರಣ’ ಎಂದೇ ಬರೆದು, ಒಳಗೆ ‘ಆಶೀರ್ವದಿಸಬೇಕಾಗಿ ಕೋರುವ’ ಎಂದು ಬೇಕನ್ನೂ ಬೇಡಿಕೆಯನ್ನೂ ಒಟ್ಟಿಗೆ ಕಟ್ಟಿಬಿಡುತ್ತವೆ.

ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸಕರು ಇನ್ನೂ ಒಳಕ್ಕೆ ಹೋದರು. ಕೇಳಿದವನನ್ನು ಕೆಲಸಕ್ಕೆ ಹಚ್ಚುವ ಶಕ್ತಿ ಲಿಙ್ ಪ್ರತ್ಯಯದಲ್ಲೇ ಇದೆ ಎಂದು ಕುಮಾರಿಲ ಭಟ್ಟನ ಸಂಪ್ರದಾಯ ವಾದಿಸಿತು. ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸಿದ್ದು ಮನೆಮಾತಿನಲ್ಲೂ ಇಳಿದಿದೆ. ‘ಸಂಧ್ಯಾವಂದನೆ ಮಾಡಬೇಕು’ ಎನ್ನುವ ಅಜ್ಜಿಯೇ ‘ಗ್ರಹಣ ಬಂತಲ್ಲ, ಸ್ನಾನ ಮಾಡ್ಬೇಕಾಗುತ್ತೆ’ ಎನ್ನುತ್ತಾರೆ. ‘ಅದು ಆಗಬೇಕು ಅಂತಿದ್ರೆ ಈ ವ್ರತ ಮಾಡಬೇಕು’ ಎಂದೂ ಹೇಳುತ್ತಾರೆ. ಮೊದಲನೆಯದಕ್ಕೆ ಕಾರಣ ಕೇಳುವಂತಿಲ್ಲ. ಎರಡನೆಯದು ನಿಮಿತ್ತ ಬಂದಾಗ ಮಾತ್ರ, ಮೂರನೆಯದು ಫಲದ ಆಸೆ ಇದ್ದವರಿಗೆ ಮಾತ್ರ. ಇಂಗ್ಲಿಷಿನಲ್ಲಿ ಮಸ್ಟ್, ಹ್ಯಾವ್ ಟು, ಇಫ್ ಹಚ್ಚಿದ ಶುಡ್ ಎಂದು ಮೂರನ್ನೂ ಹೆಚ್ಚುಕಡಿಮೆ ಕೂರಿಸಬಹುದು.

ಬಡಾವಣೆಗೆ ಹೆಸರು ಕೊಟ್ಟ ಶಂಕರಾಚಾರ್ಯರೇ ಈ ವಿಷಯದಲ್ಲಿ ದೊಡ್ಡದೊಂದು ತಕರಾರು ತೆಗೆದವರು. ಆತ್ಮನನ್ನು ಕಾಣಬೇಕು ಎಂದು ಬೃಹದಾರಣ್ಯಕ ಉಪನಿಷತ್ತು ಹೇಳುವಲ್ಲಿ ‘ತವ್ಯ’ ಪ್ರತ್ಯಯವಿದೆ. ಅದು ವಿಧಿಯೇ ಆದರೆ ಜ್ಞಾನವೂ ಯಜ್ಞದಂತೆ ಮಾಡಿ ಮುಗಿಸುವ ಒಂದು ಕೆಲಸವಾಗುತ್ತದೆ. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಅದನ್ನು ಒಪ್ಪುವುದಿಲ್ಲ. ಅಂಥ ಮಾತುಗಳಿಗೆ ವಿಧಿಯ ಛಾಯೆ ಮಾತ್ರ ಇದೆ, ಹೊರಗಿನ ವಿಷಯಗಳ ಕಡೆ ಓಡುವ ಮನಸ್ಸನ್ನು ಅತ್ತ ತಿರುಗಿಸುವುದಷ್ಟೇ ಅವುಗಳ ಕೆಲಸ ಎನ್ನುತ್ತಾರೆ. ಇರುವ ವಸ್ತುವನ್ನು ತಿಳಿಯುವುದು ಅಪ್ಪಣೆಯಿಂದ ಆಗುವಂಥದ್ದಲ್ಲ ಎಂಬುದು ಅವರ ವಾದದ ತಿರುಳು. ಯುರೋಪಿನಲ್ಲಿ ಡೇವಿಡ್ ಹ್ಯೂಮ್ 1739–40ರ ಗ್ರಂಥದಲ್ಲಿ ‘ಇದೆ’ ಎಂಬ ವಾಕ್ಯಗಳಿಂದ ‘ಇರಬೇಕು’ ಎಂಬ ವಾಕ್ಯಕ್ಕೆ ನೆಗೆಯುವವರನ್ನು ತಡೆದು ನಿಲ್ಲಿಸಿದ. ಗುರಿ ಬೇರೆ, ಸಿದ್ಧಾಂತ ಬೇರೆ, ಆದರೂ ಇಬ್ಬರೂ ಕಾವಲು ನಿಂತದ್ದು ಅದೇ ಗಡಿಯಲ್ಲಿ.

ಉಪಚಾರದ ‘ಬೇಕು’

ಒತ್ತಾಯದ ಪದ ಯಾವಾಗಲೂ ಒರಟೆಂದು ತಿಳಿಯಬಾರದು. ಅತಿಥಿಗೆ ಕೇಕು ಬಡಿಸುವ ಮನೆಯಾಕೆ ಮೇ ಎಂದರೆ ತಿನ್ನಲು ಅಪ್ಪಣೆ ಕೊಟ್ಟಂತಾಗಿ ದೊಡ್ಡಸ್ತಿಕೆ ಕಾಣುತ್ತದೆ, ಮಸ್ಟ್ ಎಂದರೆ ಆದರ ಕಾಣುತ್ತದೆ ಎಂದು ಭಾಷಾವಿಜ್ಞಾನಿ ರಾಬಿನ್ ಲೇಕಾಫ್ 1972ರಲ್ಲಿ ತೋರಿಸಿಕೊಟ್ಟರು. ಮದುವೆಯ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ ‘ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಲೇಬೇಕು ಭಾವ, ನೀವೇ ಬೇಡ ಅಂದ್ರೆ ಹೇಗೆ’ ಎನ್ನುವಾಗಲೂ ಹಾಗೇ. ‘ಹಾಕಿಸ್ಕೊಳ್ಳಬಹುದು’ ಎಂದುಬಿಟ್ಟರೆ ಭಾವ ಎದ್ದು ಹೋಗುತ್ತಾರೆ. ದೊಡ್ಡವರಿಗೆ ‘ತಾವು ದಯಮಾಡಿಸಬೇಕು’, ‘ಕ್ಷಮಿಸಬೇಕು’ ಎನ್ನುವುದು ಪಾಣಿನಿಯ ಅಧೀಷ್ಟವೇ. ಈ ಅಭ್ಯಾಸ ಇಂಗ್ಲಿಷಿಗೂ ಇಳಿದು ‘ಯು ಶುಡ್ ಕಮ್ ಹೋಮ್’ ಎಂಬ ಬೆಂಗಳೂರಿನ ಅಕ್ಕರೆಯ ಮಾತಾಗಿದೆ. ಕಚೇರಿಯ ಪತ್ರಕ್ಕೆ ಅದೇ ಶುಡ್ ಹೋದಾಗ ಎಡವಟ್ಟಾಗುತ್ತದೆ. ಬರೆದವರು ಕಡ್ಡಾಯವೆಂದು ಬರೆದಿರುತ್ತಾರೆ, ಹೊರದೇಶದವರು ಸಲಹೆಯೆಂದು ಓದಿಕೊಳ್ಳುತ್ತಾರೆ.

ಕಾನೂನಿನಲ್ಲಿ ಷಲ್ ಮತ್ತು ತಕ್ಕದ್ದು

ಬಾಡಿಗೆ ಮನೆ ಹಿಡಿದ ಎಲ್ಲರಿಗೂ 11 ತಿಂಗಳ ಕರಾರು ಪತ್ರ ಗೊತ್ತು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾಗುತ್ತದೆ, ಅದನ್ನು ತಪ್ಪಿಸಲು ಈ ಹನ್ನೊಂದು. ಇಂಗ್ಲಿಷ್ ಪತ್ರದಲ್ಲಿ ಬಾಡಿಗೆದಾರ ಪ್ರತಿ ಸಾಲಿನಲ್ಲೂ ಷಲ್‌ಗೆ ಕಟ್ಟುಬಿದ್ದಿರುತ್ತಾನೆ. ಕನ್ನಡ ಪತ್ರದಲ್ಲಿ ಬಾಡಿಗೆಯನ್ನು ಐದನೇ ತಾರೀಖಿನೊಳಗೆ ‘ಪಾವತಿಸತಕ್ಕದ್ದು’, ಒಳಬಾಡಿಗೆಗೆ ‘ಕೊಡಕೂಡದು’, ಅವಧಿ ಮುಗಿದ ಮೇಲೆ ‘ಖಾಲಿ ಮಾಡಿಕೊಡತಕ್ಕದ್ದು’. ಬೇಕು ಅಲ್ಲಿ ಅಪರೂಪ. ರಾಜ್ಯದ ಅಧಿನಿಯಮಗಳಲ್ಲೂ ಇದೇ ರೂಢಿ: ಷಲ್ ಇದ್ದಲ್ಲಿ ತಕ್ಕದ್ದು, ಮೇ ಇದ್ದಲ್ಲಿ ಬಹುದು. 1963ರ ರಾಜಭಾಷಾ ಅಧಿನಿಯಮದ ನಂತರ ಸರ್ಕಾರಿ ಕನ್ನಡ ಬೆಳೆದ ಹಾಗೆ ಈ ಜೋಡಿ ಗಟ್ಟಿಯಾಯಿತು. ‘ತಗು’ ಎಂಬ ಧಾತುವಿನಿಂದ ಬಂದ ತಕ್ಕದ್ದು ಮೂಲದಲ್ಲಿ ‘ಯೋಗ್ಯವಾದದ್ದು’ ಎನ್ನುವ ಸೌಮ್ಯವಾದ ಮಾತು. ಕಚೇರಿಯ ಗಾಳಿಗೆ ಅದು ಕನ್ನಡದ ಅತ್ಯಂತ ಬಿಗಿಯಾದ ಪದವಾಗಿ ಕೂತಿದೆ. ಮನೆಯಲ್ಲಿ ಯಾರಾದರೂ ‘ನೀನು ತರಕಾರಿ ತರತಕ್ಕದ್ದು’ ಎಂದರೆ ನಗು ಬರುವುದು ಅದಕ್ಕೇ.

ಷಲ್ ಇದ್ದ ಮಾತ್ರಕ್ಕೆ ಕಡ್ಡಾಯ ಎಂದು ನ್ಯಾಯಾಲಯಗಳೂ ಒಪ್ಪುವುದಿಲ್ಲ. ಸರ್ಕಾರಿ ನೌಕರರ ಶಿಸ್ತಿನ ವಿಷಯದಲ್ಲಿ ಲೋಕಸೇವಾ ಆಯೋಗದ ಸಲಹೆ ಪಡೆಯಬೇಕೆಂದು ಸಂವಿಧಾನದ 320(3)ನೆಯ ವಿಧಿ ಷಲ್ ಬಳಸಿ ಹೇಳುತ್ತದೆ. 1957ರಲ್ಲಿ ಉತ್ತರ ಪ್ರದೇಶ ಸರ್ಕಾರ ಮತ್ತು ಮನಬೋಧನ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸಲಹೆ ಪಡೆಯದಿದ್ದರೂ ಆದೇಶ ಬಿದ್ದುಹೋಗದು ಎಂದಿತು. 1963ರಲ್ಲಿ ಜೋಗೀಂದ್ರ ಸಿಂಗ್ ಪ್ರಕರಣದಲ್ಲಿ ಇದರ ಇನ್ನೊಂದು ಮಗ್ಗುಲು ಬಂತು: ಸಂದರ್ಭ ಒತ್ತಾಯಿಸಿದರೆ ಮೇ ಎಂಬುದನ್ನೂ ಕಡ್ಡಾಯವೆಂದು ಓದಬಹುದು.

ಸಂವಿಧಾನದೊಳಗೇ ಷಲ್‌ನ ಬಲ ಒಂದೊಂದು ಕಡೆ ಒಂದೊಂದು ತೂಕ. 37ನೆಯ ವಿಧಿ ನಿರ್ದೇಶಕ ತತ್ವಗಳನ್ನು ಅನ್ವಯಿಸುವುದು ರಾಜ್ಯದ ಕರ್ತವ್ಯ ಎಂದು ಷಲ್‌ನಲ್ಲೇ ಹೇಳಿ, ಅದೇ ಉಸಿರಿನಲ್ಲಿ ಇವನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸುವಂತಿಲ್ಲ ಎನ್ನುತ್ತದೆ. 1976ರ 42ನೆಯ ತಿದ್ದುಪಡಿಯಿಂದ ಬಂದ 51ಎ ವಿಧಿಯ ಮೂಲಭೂತ ಕರ್ತವ್ಯಗಳಿಗೂ ನೇರ ಶಿಕ್ಷೆ ಇಲ್ಲ. 2002ರಲ್ಲಿ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳನ್ನು ಓದಿಸುವ ಪೋಷಕರ ಕರ್ತವ್ಯ ಸೇರಿ ಅವು ಹನ್ನೊಂದಾದವು. ಅದೇ 42ನೆಯ ತಿದ್ದುಪಡಿ 74ನೆಯ ವಿಧಿಗೆ ಹಾಕಿದ ಷಲ್ ಮಾತ್ರ ಹರಿತ: ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಲೇಬೇಕಾಯಿತು. 44ನೆಯ ತಿದ್ದುಪಡಿ ಅದಕ್ಕೊಂದು ಮೇ ಸೇರಿಸಿ, ಒಂದು ಸಲ ಮರುಪರಿಶೀಲನೆಗೆ ಕಳಿಸುವ ಅವಕಾಶ ಕೊಟ್ಟಿತು.

ಈ ಗೊಂದಲದಿಂದ ಬೇಸತ್ತು ಷಲ್ ಅನ್ನೇ ಕೈಬಿಟ್ಟ ದೇಶಗಳಿವೆ. ದಕ್ಷಿಣ ಆಫ್ರಿಕಾದ 1996ರ ಸಂವಿಧಾನ ಮಸ್ಟ್ ಬಳಸುತ್ತದೆ. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳು 2007ರಲ್ಲಿ ಷಲ್ ತೆಗೆದು ಹೊಸದಾಗಿ ಬರೆಯಲ್ಪಟ್ಟವು. ಎಂಜಿನಿಯರುಗಳು ಬೇರೆ ಉಪಾಯ ಮಾಡಿದರು: ಪದ ಬಿಡದೆ ಅದರ ಅರ್ಥ ಕಟ್ಟಿಹಾಕಿದರು. ಅಂತರರಾಷ್ಟ್ರೀಯ ಮಾನಕಗಳಲ್ಲಿ ಷಲ್ ಎಂದರೆ ಅವಶ್ಯ, ಶುಡ್ ಎಂದರೆ ಶಿಫಾರಸು, ಮೇ ಎಂದರೆ ಅನುಮತಿ. ಕಾಂಕ್ರೀಟ್ ಕಟ್ಟಡಗಳಿಗೆ ಆಧಾರವಾದ ಭಾರತೀಯ ಸಂಹಿತೆ ಐಎಸ್ 456:2000 ಓದುವ ಸಿವಿಲ್ ವಿದ್ಯಾರ್ಥಿ ಷಲ್ ಕಂಡಲ್ಲಿ ರಾಜಿಯಿಲ್ಲ ಎಂದು ತಿಳಿಯುತ್ತಾನೆ. 1997ರ ಮಾರ್ಚಿನಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ ಆರ್‌ಎಫ್‌ಸಿ 2119 ಎಂಬ ಪುಟ್ಟ ಟಿಪ್ಪಣಿ ಅಂತರ್ಜಾಲದ ನಿಯಮಗಳಿಗೂ ಇದನ್ನೇ ಮಾಡಿತು. ಅದರಲ್ಲಿ ಶುಡ್‌ಗೆ ಕೊಟ್ಟ ವಿವರಣೆ ಚೆನ್ನಾಗಿದೆ: ಬಿಡಲು ಸಕಾರಣವಿರಬಹುದು, ಆದರೆ ಬಿಟ್ಟರೆ ಏನಾಗುತ್ತದೆಂದು ಪೂರ್ತಿ ತೂಗಿ ನೋಡಿ ಬಿಡಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದಿನವೂ ಈ ಅರ್ಥದಲ್ಲಿ ಶುಡ್ ಬರೆಯುವವರೇ ಸಂಜೆ ಮನೆಗೆ ಬಂದು ‘ಶುಡ್ ಕಮ್’ ಎಂದು ನೆಂಟರನ್ನು ಕರೆಯುತ್ತಾರೆ.

ಬಳಕೆಯ ಬದಲಾವಣೆ ಮತ್ತು ಬೋಧನೆ

ಇಂಗ್ಲೆಂಡಿನಲ್ಲಿ ಈ ಪದಗಳು ಈಗ ಇಳಿಮುಖ. ಹತ್ತು ಹತ್ತು ಲಕ್ಷ ಪದಗಳ ಎರಡು ಸಂಗ್ರಹಗಳನ್ನು, ಒಂದು 1961ರದು, ಇನ್ನೊಂದು 1991ರದು, ಹೋಲಿಸಿದ ಜೆಫ್ರಿ ಲೀಚ್ ಬ್ರಿಟಿಷ್ ಬರಹದಲ್ಲಿ ಮಸ್ಟ್ ಸುಮಾರು ಶೇ 29ರಷ್ಟು, ಷಲ್ ಮತ್ತು ಆಟ್ ಟು ಶೇ 40ಕ್ಕೂ ಹೆಚ್ಚು ಕುಗ್ಗಿರುವುದನ್ನು ತೋರಿಸಿದರು. ನೀಡ್ ಟು ಮಾತ್ರ ಹಲವು ಪಟ್ಟು ಬೆಳೆಯಿತು. ನೇರವಾಗಿ ಅಧಿಕಾರ ಚಲಾಯಿಸುವ ದನಿ ಸಭ್ಯ ಮಾತಿನಿಂದ ಹಿಂದೆ ಸರಿದದ್ದು ಇದಕ್ಕೊಂದು ಕಾರಣ. ‘ನೀನು ಮಾಡಬೇಕು’ ಎನ್ನುವ ಬದಲು ‘ನಿನಗೆ ಇದರ ಅಗತ್ಯವಿದೆ’ ಎಂದು ಕೇಳುವವರ ಮೇಲೇ ಹಾಕುವುದು ಜಾಣತನ. ಭಾರತದ ಇಂಗ್ಲಿಷಿಗೂ ಇಂಥದೊಂದು ಸಂಗ್ರಹವಿದೆ: ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿಯವರು 1978ರ ಬರಹಗಳಿಂದ ಕಟ್ಟಿದ ಹತ್ತು ಲಕ್ಷ ಪದಗಳ ಕೊಲ್ಹಾಪುರ ಕಾರ್ಪಸ್.

ಇವನ್ನು ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ ಬೆಂಗಳೂರು ಕೊಟ್ಟ ಉತ್ತರ ಜಗತ್ತಿನ ಭಾಷಾಬೋಧಕರೆಲ್ಲ ಬಲ್ಲದ್ದು. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರನ್ನು ತರಬೇತುಗೊಳಿಸಲು 1963ರಲ್ಲಿ ಇಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಗಿತ್ತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮತ್ತಿತರ ಕಡೆಯ ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ಹೊರಗಿನವರು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಮಕ್ಕಳಿಂದ ಲೆಕ್ಕಾಚಾರ ಮಾಡಿಸುತ್ತಿದ್ದರು. ಅರ್ಥದ ಮೇಲೆ ಗಮನವಿದ್ದರೆ ರೂಪ ತಾನಾಗಿ ಬರುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರ ಅವರ ಪುಸ್ತಕ ಇಂದಿನ ಕಾರ್ಯಾಧಾರಿತ ಬೋಧನೆಗೆ ಬುನಾದಿಯಾಯಿತು. ಮಸ್ಟ್ ಮತ್ತು ಹ್ಯಾವ್ ಟುಗಳಿಗೆ ಇದು ಹೇಳಿ ಮಾಡಿಸಿದ ದಾರಿ. ಮೈಸೂರಿಗೆ ಹತ್ತು ಗಂಟೆಯೊಳಗೆ ಮುಟ್ಟಲು ಯಾವ ರೈಲು ಹಿಡಿಯಬೇಕಾಗುತ್ತದೆ ಎಂದು ವೇಳಾಪಟ್ಟಿ ನೋಡಿ ಹೇಳುವ ಮಗು, ಆ ಒತ್ತಾಯ ತನ್ನದಲ್ಲ, ರೈಲಿನದು ಎಂದು ತಿಳಿದೇ ಹೇಳುತ್ತದೆ. ಆದರೆ ಡಬ್ಬಿಯ ಸುತ್ತೋಲೆಯಂಥ ನಿಷೇಧದ ತಪ್ಪು ಇಷ್ಟರಿಂದಲೇ ಹೋಗುವುದಿಲ್ಲ. ‘ತರಬೇಕಾಗಿಲ್ಲ’, ‘ತರಬಾರದು’ ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಇಂಗ್ಲಿಷ್ ರೂಪಗಳನ್ನು ಇಟ್ಟು ತೋರಿಸುವ ಹಳೆಯ ಕಾಲದ ಮೇಷ್ಟರೂ ಅಲ್ಲಿ ಬೇಕಾಗುತ್ತಾರೆ.